ಬ್ಯಾಟರಿ ಬದಲಿಸುವ ಮುನ್ನ ಮೀಟರ್ ಹಿಡಿಯಿರಿ

ಬೇಸಿಗೆ ಮಳೆಗೆ ಮರದ ಕೊಂಬೆ ತಂತಿಯ ಮೇಲೆ ಬಿತ್ತೆಂದರೆ ಬೆಂಗಳೂರಿನ ಹೊಸ ತಿಪ್ಪಸಂದ್ರದ ಅಡ್ಡರಸ್ತೆಗಳಲ್ಲಿ ಕರೆಂಟ್ ಬರಲು ಕಾಯಬೇಕು. ಅದೇ ಹೊತ್ತಿಗೆ ಮನೆಯ ಯುಪಿಎಸ್ ಹತ್ತು ನಿಮಿಷ ಓಡಿ, ಬೀಪ್ ಬೀಪ್ ಎಂದು ಕೂಗಿ ನಿಂತುಬಿಟ್ಟರೆ ಎಲ್ಲರೂ ಹೇಳುವುದು ಒಂದೇ ಮಾತು: ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ. ಸಾವಿರಾರು ರೂಪಾಯಿ ಸುರಿಯುವ ಮೊದಲು ಒಂದು ಡಿಜಿಟಲ್ ಮಲ್ಟಿಮೀಟರ್ ಕೊಳ್ಳಿ. ಎಸ್.ಪಿ. ರೋಡಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ.

ಮೊದಲು ಪಕ್ಕದ ಮನೆ ನೋಡಿ. ಅಲ್ಲೂ ಕತ್ತಲಿದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡಿ. ನಿಮ್ಮ ಮನೆಗೆ ಮಾತ್ರ ಕರೆಂಟ್ ಇಲ್ಲದಿದ್ದರೆ ಮೀಟರ್ ಬೋರ್ಡಿನ ಎಂಸಿಬಿ ಬಿದ್ದಿರಬಹುದು. ಒಮ್ಮೆ ಮೇಲೆತ್ತಿ, ಮತ್ತೆ ಬಿದ್ದರೆ ಒತ್ತಾಯ ಮಾಡದೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಕರೆಂಟ್ ಬಂದ ಮೇಲೂ ಯುಪಿಎಸ್ ಬ್ಯಾಟರಿಯಲ್ಲೇ ಓಡುತ್ತಿದೆಯೇ? ಪ್ಲಗ್ ಸಡಿಲವಾಗಿದೆಯೇ, ಹಿಂಬದಿಯ ಫ್ಯೂಸ್ ಅಥವಾ ರೀಸೆಟ್ ಬಟನ್ ಹೊರಬಂದಿದೆಯೇ ನೋಡಿ. ವೋಲ್ಟೇಜ್ ಕಡಿಮೆ ಇರುವ ಸಂಜೆಗಳಲ್ಲಿ, ಮನೆಯಲ್ಲಿ ಕಂಪ್ಯೂಟರ್ ಓಡದಿದ್ದರೆ, 'ಯುಪಿಎಸ್ ಮೋಡ್' ಬಿಟ್ಟು 'ಇನ್ವರ್ಟರ್ ಮೋಡ್'ಗೆ ಹಾಕಿದರೆ ಸಾಕಾಗುತ್ತದೆ.

ಇನ್ನು ಬ್ಯಾಟರಿ. ಉಂಗುರ, ಬಳೆ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯದು, ಆದರೆ ಎರಡು ಟರ್ಮಿನಲ್‌ಗಳ ನಡುವೆ ಲೋಹ ತಾಗಿದರೆ ನೂರಾರು ಆಂಪಿಯರ್ ಹರಿದು ಕೈ ಸುಡುತ್ತದೆ. ಯುಪಿಎಸ್‌ನಿಂದ ಹೊರಬರುವುದು 230 ವೋಲ್ಟ್, ಅದು ಜೀವ ತೆಗೆಯುತ್ತದೆ, ಪೆಟ್ಟಿಗೆ ಬಿಚ್ಚಬೇಡಿ.

ಕರೆಂಟ್ ಇರುವಾಗ ಮೀಟರನ್ನು ಡಿಸಿ ವೋಲ್ಟ್‌ಗಿಟ್ಟು ಟರ್ಮಿನಲ್‌ಗಳ ಮೇಲೆ ಅಳೆಯಿರಿ. ಸುಮಾರು 13.5ರಿಂದ 14.4 ಇದ್ದರೆ ಚಾರ್ಜ್ ಆಗುತ್ತಿದೆ. ಗಂಟೆಗಳಾದರೂ 12ರ ಆಸುಪಾಸಿನಲ್ಲೇ ನಿಂತಿದ್ದರೆ ಚಾರ್ಜರ್ ಅಥವಾ ಫ್ಯೂಸ್ ಮೇಲೆ ಅನುಮಾನ ಪಡಿ. ಪೂರ್ತಿ ಚಾರ್ಜ್ ಆದ ಮೇಲೆ ಯುಪಿಎಸ್ ಆರಿಸಿ, ಪ್ಲಗ್ ಕಿತ್ತು, ಎರಡು ಮೂರು ಗಂಟೆ ಬಿಟ್ಟು ಅಳೆದರೆ 12.6ರಿಂದ 12.7 ಬರಬೇಕು. 12.2 ಎಂದರೆ ಅರ್ಧ ಖಾಲಿ. ಎಷ್ಟು ಚಾರ್ಜ್ ಮಾಡಿದರೂ 10.5ರ ಬಳಿಯೇ ಇದ್ದರೆ ಒಂದು ಸೆಲ್ ಸತ್ತಿದೆ. ಒಳಗಿರುವುದು ತಲಾ 2.1 ವೋಲ್ಟಿನ ಆರು ಸೆಲ್‌ಗಳು. ಅಂಥ ಬ್ಯಾಟರಿ ಬದಲಿಸಲೇಬೇಕು.

ಅಂಕಿ ಸರಿಯಿದ್ದೂ ಫ್ಯಾನ್ ನಿಧಾನವಾಗಿ ತಿರುಗಿದರೆ ಮಾಡಬೇಕಾದ ಒಂದು ಪರೀಕ್ಷೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಯುಪಿಎಸ್ ಬ್ಯಾಟರಿಯಲ್ಲಿ ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಸೀಸದ ಕಂಬಕ್ಕೆ, ಇನ್ನೊಂದನ್ನು ಅದರ ಮೇಲೆಯೇ ಬಿಗಿದ ವೈರಿನ ಲಗ್‌ಗೆ ಮುಟ್ಟಿಸಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಬ್ಯಾಟರಿಯ ತಪ್ಪಿಲ್ಲ, ಜೋಡಣೆಯಲ್ಲಿ ಕರೆಂಟ್ ಶಾಖವಾಗಿ ಪೋಲಾಗುತ್ತಿದೆ. ಯುಪಿಎಸ್ ಆರಿಸಿ, ಪ್ಲಗ್ ಕಿತ್ತು, ಮೊದಲು ಮೈನಸ್ ವೈರ್ ಬಿಚ್ಚಿ. ಬಿಳಿ, ಹಸಿರು ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ಒರೆಸಿ. ಆ ನೀರು ಸೆಲ್‌ನೊಳಗೆ ಇಳಿಯಬಾರದು. ಒಣಗಿದ ಮೇಲೆ ಪ್ಲಸ್ ಮೊದಲು ಬಿಗಿದು, ಮೇಲೆ ವ್ಯಾಸಲಿನ್ ಸವರಿ.

ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರೂ ಬೇಡ, ಕಾವೇರಿ ನೀರೂ ಬೇಡ, ಆರ್‌ಒ ನೀರಲ್ಲೂ ಲವಣ ಉಳಿದಿರುತ್ತದೆ. ಆಸಿಡ್ ಅಂತೂ ಸೇರಿಸಲೇಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಮೆಟ್ಟಿಲ ಕೆಳಗಿನ ಮುಚ್ಚಿದ ಮೂಲೆಯಲ್ಲಿ ಬ್ಯಾಟರಿ ಇಡುವುದು ಸರಿಯಲ್ಲ. ಹತ್ತಿರ ದೀಪ, ಊದುಬತ್ತಿಯೂ ಕೂಡದು.

ಲೆಕ್ಕವೂ ಇರಲಿ. 150 ಎಎಚ್ ಬ್ಯಾಟರಿ ಹೊಸದಿರುವಾಗ ಎರಡು ಹಳೆಯ ಫ್ಯಾನ್, ನಾಲ್ಕು ಎಲ್‌ಇಡಿ, ವೈಫೈ ಸೇರಿ 200 ವ್ಯಾಟನ್ನು ಸುಮಾರು ಐದು ಗಂಟೆ ಎಳೆಯಬಹುದು. ಫ್ರಿಜ್ ಸೇರಿಸಿ ದೂರಿದರೆ ಅದು ಬ್ಯಾಟರಿಯ ದೋಷವಲ್ಲ.

ನಿಜವಾಗಿಯೂ ಸತ್ತ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ, ಆಸಿಡನ್ನು ಚರಂಡಿಗೆ ಸುರಿಯಬೇಡಿ. ಹಳೆಯ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಬೆರೆಸದೆ ಸಂಗ್ರಹಿಸುವವರಿಗೋ ಮರುಬಳಕೆದಾರರಿಗೋ ಒಪ್ಪಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯುವಂತೆ ಕೇಳಿ.