ಬಡಾವಣೆ ಹೇಳುವ ಆರೋಗ್ಯ ಪಾಠ

ಮಕ್ಕಳೇ, ಬೆಂಗಳೂರಿನ ಮಲ್ಲೇಶ್ವರಂ ಮತ್ತು ಬಸವನಗುಡಿ ಬಡಾವಣೆಗಳು ಬೇಗನೆ ಬೆಳೆದದ್ದು ಏಕೆ ಗೊತ್ತೇ? 1898ರಲ್ಲಿ ನಗರಕ್ಕೆ ಪ್ಲೇಗ್ ರೋಗ ಬಂದಿತು. ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಸೋಂಕು ತಗುಲಿದ ಇಲಿ ಸತ್ತಾಗ ಅದರ ಮೈಮೇಲಿನ ಚಿಗಟಗಳು ಮನುಷ್ಯರನ್ನು ಕಚ್ಚಿ ರೋಗ ಹರಡುತ್ತವೆ. ಹಳೆಯ ಪೇಟೆಯಲ್ಲಿ ಮನೆಗಳು ಒತ್ತೊತ್ತಾಗಿದ್ದವು. ಗಾಳಿ, ಬೆಳಕು ಕಡಿಮೆ. ಹೊಸ ಬಡಾವಣೆಗಳಲ್ಲಿ ಅಗಲವಾದ ನೇರ ರಸ್ತೆಗಳಿದ್ದವು. ಮನೆಗಳ ಹಿಂದೆ ಹೊಲಸು ಸಾಗಿಸಲು ಪ್ರತ್ಯೇಕ ಓಣಿಗಳಿದ್ದವು.

ಇಂದು ಪ್ಲೇಗ್‌ಗೆ ಔಷಧವಿದೆ. ಆದರೂ ಕಸ ಬಿದ್ದಲ್ಲಿ ಇಲಿ, ನೀರು ನಿಂತಲ್ಲಿ ಸೊಳ್ಳೆ!

ಚಟುವಟಿಕೆ: ನಿಮ್ಮ ಬೀದಿಯ ನಕ್ಷೆ ಬರೆಯಿರಿ. ನಲ್ಲಿ, ಚರಂಡಿ, ಕಸದ ತೊಟ್ಟಿ, ಆಸ್ಪತ್ರೆಗಳನ್ನು ಗುರುತಿಸಿ. ನೀರು ನಿಲ್ಲುವ ಜಾಗಕ್ಕೆ ಕೆಂಪು ಬಣ್ಣ ಹಚ್ಚಿ. ಅಲ್ಲಿ ಏನು ಮಾಡಬಹುದು? ಶಿಕ್ಷಕರೊಂದಿಗೆ ಚರ್ಚಿಸಿ.