ಎಸ್ಸೆಸ್ಸೆಲ್ಸಿ ಆದಮೇಲೆ ಮಕ್ಕಳು ಎಲ್ಲಿಗೆ ಹೋದರು?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಆದರೆ ಪಾಸಾದ ಎಷ್ಟೋ ಹೆಣ್ಣುಮಕ್ಕಳು ಕಾಲೇಜು ಸೇರುವುದಿಲ್ಲ. ಅಂಕಿ-ಅಂಶ ನೋಡಿ ಅನ್ನುತ್ತಾರೆ. ಏಳನೇ ಕ್ಲಾಸು ಓದಿದ ನನಗೆ ಅದು ತಿಳಿದೀತೇ?

ಉತ್ತರ: ಖಂಡಿತ ತಿಳಿಯುತ್ತದೆ. ನಿಮ್ಮ ಅಳುಕು ಸಹಜ, ಆದರೆ ಇದಕ್ಕೆ ಕೂಡುವುದು, ಕಳೆಯುವುದು ಬಂದರೆ ಸಾಕು. ಎಷ್ಟು ಮಂದಿ ಪಾಸಾದರೆಂದು ಫಲಿತಾಂಶ ಹೇಳುತ್ತದೆ; ಆಮೇಲೆ ಎಲ್ಲಿಗೆ ಹೋದರೆಂದು ಹೇಳುವುದಿಲ್ಲ. ಆ ಕೊರತೆಯನ್ನು ನೀವು ಸರಿಯಾಗಿಯೇ ಗುರುತಿಸಿದ್ದೀರಿ.

ಯು-ಡೈಸ್ ಪ್ಲಸ್‌ನಲ್ಲಿ (ದೇಶದ ಶಾಲೆಗಳ ಮಾಹಿತಿ ಭಂಡಾರ) ನಿಮ್ಮ ಶಾಲೆಯ 11 ಅಂಕಿಯ ಸಂಖ್ಯೆ ಹಾಕಿದರೆ ತರಗತಿವಾರು ಮಕ್ಕಳ ಲೆಕ್ಕ ಸಿಗುತ್ತದೆ. ಉಳಿದದ್ದನ್ನು ಮುಖ್ಯ ಶಿಕ್ಷಕರ ಜೊತೆ ಕೂತು ತುಂಬಿ. ಹೋದ ವರ್ಷ ಹತ್ತನೇ ತರಗತಿ ಮುಗಿಸಿದವರಲ್ಲಿ ಪಿಯುಸಿಗೆ ಎಷ್ಟು, ಐಟಿಐಗೆ ಎಷ್ಟು, ಡಿಪ್ಲೊಮಾಗೆ ಎಷ್ಟು, ಕೂಲಿಗೆ ಎಷ್ಟು, ಮನೆಯಲ್ಲೇ ಉಳಿದವರು ಎಷ್ಟು? ಹುಡುಗಿಯರನ್ನೂ ಹುಡುಗರನ್ನೂ ಬೇರೆ ಬೇರೆ ಎಣಿಸಿ. ಯಾವ ಹಳ್ಳಿಯಿಂದ ಬರುತ್ತಿದ್ದರೆಂದೂ ಬರೆದುಕೊಳ್ಳಿ.

ಮನೆಯಲ್ಲಿ ಉಳಿದ ಹುಡುಗಿಯರು ಹೆಚ್ಚಾಗಿ ಒಂದೇ ಹಳ್ಳಿಯವರಾಗಿದ್ದರೆ, ಮೊದಲು ದಾರಿಯನ್ನು ಗಮನಿಸಿ. 2023ರಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿನ ಖರ್ಚಿಲ್ಲ. ಆದರೆ ಕಾಲೇಜಿನ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ? ಆಗ ತಂದೆ-ತಾಯಿಗೆ ಬುದ್ಧಿ ಹೇಳಿ ಫಲವಿಲ್ಲ. ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ, ಠರಾವು ಮಾಡಿಸಿ, ಬಸ್ ಡಿಪೊಗೆ ಕೊಡಿ. ಬಸ್ಸಿದ್ದೂ ಹೋಗುತ್ತಿಲ್ಲವಾದರೆ ಮನೆಗೆ ಹೋಗಿ ಕಾರಣ ಕೇಳಿ, ತಪ್ಪು ಹೊರಿಸಬೇಡಿ.

ಪ್ರಶ್ನೆ: ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾಗಿದ್ದಾಳೆ. ಶಾಲೆಯ ಸಮಿತಿಯವರು ವಿವರ ಕೇಳುತ್ತಿದ್ದಾರೆ. ಅವಳ ಹೆಸರು ಊರವರ ಬಾಯಿಗೆ ಬಿದ್ದರೆ ಎಂದು ಭಯವಾಗುತ್ತದೆ.

ಉತ್ತರ: ನಿಮ್ಮ ಭಯ ನ್ಯಾಯವಾದದ್ದು. ಮಾಹಿತಿ ಏಕೆ ಬೇಕು, ಯಾರು ನೋಡುತ್ತಾರೆ ಎಂದು ಮೊದಲು ಕೇಳಿ. ಸಮಾಧಾನವಾಗದಿದ್ದರೆ ಕೊಡಬೇಡಿ.

ಸಭೆಗೆ ಸಂಖ್ಯೆ ಸಾಕು, ಹೆಸರು ಬೇಡ. ಆದರೆ ಒಂದು ಓಣಿಯಲ್ಲಿ ಒಬ್ಬಳೇ ಫೇಲಾಗಿದ್ದರೆ ಹೆಸರಿಲ್ಲದೆಯೂ ಗುರುತು ಸಿಕ್ಕಿಬಿಡುತ್ತದೆ. ಅಂಥ ಕಡೆ ಓಣಿವಾರು ಬಿಟ್ಟು, ಇಡೀ ಊರಿನ ಲೆಕ್ಕವನ್ನು ಒಟ್ಟಾಗಿ ಹೇಳಲು ತಿಳಿಸಿ.

ಹೀಗೆ ಜೋಪಾನವಾಗಿ ಮಾಡಿದ ಲೆಕ್ಕ ನಿಮ್ಮ ಮಗಳಿಗೂ ಆಸರೆ. ಗಣಿತದಲ್ಲಿ ಸೋತವರು ಹಲವರಿದ್ದರೆ ಸಂಜೆ ಪಾಠ ನಡೆಸಿ ಎಂದು ಎಲ್ಲರೂ ಸೇರಿ ಕೇಳಬಹುದು. ಅವಳು ಇದೇ ವರ್ಷ ಗಣಿತವನ್ನು ಮತ್ತೆ ಬರೆಯಬಹುದು. ಅರ್ಜಿಯ ಕೊನೆಯ ದಿನಾಂಕವನ್ನು ನಾಳೆಯೇ ಶಾಲೆಯಲ್ಲಿ ವಿಚಾರಿಸಿ.