ಲೇತ್ ಕಾಲೆಟ್ ಕೊಳ್ಳುವ ಮುನ್ನ ಎರಡು ಅಳತೆ



ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ ಕಡೆ ಕೈಗಾರಿಕೆಗಳು ಇರುವುದು ನಮಗೆಲ್ಲ ಗೊತ್ತು. ಸಂಘದಿಂದ ಸಾಲ ತೆಗೆದು ಒಂದು ಸಣ್ಣ ಲೇತ್ ಹಾಕಿ, ಪಿನ್ನು, ಬುಷ್ ಮಾಡಿಕೊಡುವ ಜಾಬ್ ವರ್ಕ್ ಹಿಡಿಯೋಣ ಅಂತ ಯೋಚಿಸುವಾಗ ಯಂತ್ರದ ಬೆಲೆ ಮಾತ್ರ ವಿಚಾರಿಸಿದರೆ ಸಾಲದು. ರಾಡನ್ನು ಹಿಡಿಯುವ ಕಾಲೆಟ್ ಸರಿ ಇಲ್ಲದಿದ್ದರೆ ರಾಡ್ ಓಲಾಡುತ್ತದೆ, ಅಳತೆ ತಪ್ಪುತ್ತದೆ, ಮಾಲು ವಾಪಸ್ ಬರುತ್ತದೆ. ಸಾಲದ ಕಂತು ಮಾತ್ರ ನಿಲ್ಲೋದಿಲ್ಲ.

ಕಾಲೆಟ್ ಎಂದರೇನು?

ಇದು ಉದ್ದಕ್ಕೆ ಸೀಳುಗಳಿರುವ ಉಕ್ಕಿನ ಕೊಳವೆ. ಒಳಗೆ ನೇರ ತೂತು, ಹೊರಗೆ ಓರೆ. ಈ ಓರೆಗೇ ಟೇಪರ್ ಎನ್ನುತ್ತಾರೆ. ಬಾಯಿ ಅಗಲ, ತಳ ಕಿರಿದಾದ ಲೋಟದೊಳಗೆ ಐದೂ ಬೆರಳು ಕೂಡಿಸಿ ಇಳಿಸಿ ನೋಡಿ. ಇಳಿದಷ್ಟೂ ಬೆರಳುಗಳು ಒತ್ತಿಕೊಳ್ಳುತ್ತವೆ. ಅದೇ ರೀತಿ ಕಾಲೆಟ್ ಓರೆ ಗುಂಡಿಯೊಳಗೆ ಸರಿದಾಗ ರಾಡನ್ನು ಸುತ್ತಲೂ ಸಮನಾಗಿ ಹಿಡಿಯುತ್ತದೆ.

ಮೊದಲ ಅಳತೆ: ತೂತು

ಬಳೆ ಕೊಳ್ಳುವಾಗ ಕೈ ಅಳತೆ ನೋಡೋದಿಲ್ವೇ? ಇದೂ ಹಾಗೇ. ಇ.ಆರ್. ಜಾತಿಯ ಕಾಲೆಟ್ ಮೇಲೆ '10-9' ಎಂದಿದ್ದರೆ ಅದು 9ರಿಂದ 10 ಮಿ.ಮೀ. ದಪ್ಪದ ರಾಡಿಗೆ. 8 ಮಿ.ಮೀ. ರಾಡಿಟ್ಟು ಬಲವಂತವಾಗಿ ಬಿಗಿದರೆ ಕಾಲೆಟ್ ಹಾಳು. 5ಸಿ ಕಾಲೆಟ್ ಇಷ್ಟು ಕೂಡ ಕುಗ್ಗುವುದಿಲ್ಲ. ರಾಡಿನ ಅಳತೆಯದ್ದೇ ಬೇಕು.

ಇನ್ನೊಂದು ಮಾತು. ಇ.ಆರ್.-32 ಅಂದ್ರೆ 32 ಮಿ.ಮೀ. ರಾಡಿನದಲ್ಲ, ಅದು ಕಾಲೆಟಿನ ಹೊರ ಗಾತ್ರದ ಗುರುತು. ಸಾಮಾನ್ಯವಾಗಿ ಇ.ಆರ್.-16 ಹಿಡಿಯುವುದು 10 ಮಿ.ಮೀ.ವರೆಗೆ, ಇ.ಆರ್.-25 16ರವರೆಗೆ, ಇ.ಆರ್.-32 20ರವರೆಗೆ.

ಎರಡನೇ ಅಳತೆ: ಟೇಪರ್

ಇ.ಆರ್. ಕಾಲೆಟಿನ ಓರೆ ಒಂದು ಬದಿಗೆ 8 ಡಿಗ್ರಿ, ಎರಡೂ ಬದಿ ಸೇರಿ 16. 5ಸಿ ಕಾಲೆಟಿನದು ಒಂದು ಬದಿಗೆ 10, ಒಟ್ಟು 20. ಎರಡು ಡಿಗ್ರಿ ತಾನೇ ಅಂತ ಬಿಡಬೇಡಿ. ಓರೆಗೆ ಓರೆ ಕೂಡದಿದ್ದರೆ ಒಂದು ತುದಿಯಲ್ಲಿ ಮಾತ್ರ ತಾಗುತ್ತದೆ, ಹಿಡಿತ ಬರೋದಿಲ್ಲ.

ಲೆಕ್ಕ ಹಾಕಿ ನೋಡೋಣ. 8 ಡಿಗ್ರಿ ಓರೆಯಲ್ಲಿ ಕಾಲೆಟ್ 1 ಮಿ.ಮೀ. ಒಳಗೆ ಸರಿದರೆ ತೂತು ಸುಮಾರು 0.28 ಮಿ.ಮೀ. ಕುಗ್ಗುತ್ತದೆ. ಪೂರ್ತಿ 1 ಮಿ.ಮೀ. ಕುಗ್ಗಬೇಕಾದರೆ ಮೂರೂವರೆ ಮಿ.ಮೀ. ಸರಿಯಬೇಕು. ಆದ್ದರಿಂದ ರಾಡಿಗೆ ಆದಷ್ಟು ಹತ್ತಿರದ ಅಳತೆಯನ್ನೇ ಆರಿಸಿ.

ಕೆಲಸದಲ್ಲಿ ನೆನಪಿಡಿ

1. ಓರೆ ಭಾಗವನ್ನು ಬಟ್ಟೆಯಿಂದ ಒರೆಸಿ. ಸಣ್ಣ ಲೋಹದ ಚೂರು ಸಿಕ್ಕಿಕೊಂಡರೂ ರಾಡ್ ಓಲಾಡುತ್ತದೆ.
2. ಇ.ಆರ್. ಕಾಲೆಟನ್ನು ಮೊದಲು ನಟ್ಟಿನೊಳಗೆ 'ಟಕ್' ಅನ್ನುವಂತೆ ಕೂರಿಸಿ, ಆಮೇಲೆ ಯಂತ್ರಕ್ಕೆ ಹಾಕಿ.
3. ತೂತಿನ ಉದ್ದದ ಮೂರರಲ್ಲಿ ಎರಡು ಭಾಗವಾದರೂ ರಾಡ್ ಒಳಗಿರಲಿ. ಖಾಲಿ ಕಾಲೆಟ್ ಬಿಗಿಯಬೇಡಿ.
4. ಯಂತ್ರ ಪೂರ್ತಿ ನಿಂತ ಮೇಲೇ ಕೈ ಹಾಕಿ. ಸೆರಗು ಸಿಕ್ಕಿಸಿ, ಜಡೆ ಕಟ್ಟಿ, ಬಳೆ ತೆಗೆದಿಡಿ.

ಸಂಘದ ಸಭೆಯಲ್ಲಿ ಚರ್ಚಿಸಿ

- ನಮಗೆ ಸಿಗುವ ಕೆಲಸದ ರಾಡ್ ಎಷ್ಟು ಮಿ.ಮೀ.? ವರ್ನಿಯರ್‌ನಲ್ಲಿ ಅಳೆದಿದ್ದೇವೆಯೇ?
- ನೋಡಿರುವ ಲೇತ್ ಯಾವ ಜಾತಿಯ ಕಾಲೆಟ್ ತೆಗೆದುಕೊಳ್ಳುತ್ತದೆ?
- ಪೂರ್ತಿ ಸೆಟ್ ಬೇಕೇ, ಎರಡು ಮೂರು ಅಳತೆ ಸಾಕೇ?

ಈ ಮೂರಕ್ಕೂ ಉತ್ತರ ಬರೆದುಕೊಂಡ ಮೇಲೆ ಸಾಲದ ಅರ್ಜಿ ಬರೆಯೋಣ.